ನೆಗ್ಗಿದ ರೈಫಲ್ ತೋಟಾ ಹಾರಿಸಬಹುದೇ? ಕೈಯಲ್ಲಿ ಹಿಡಿದು ನೋಡುವ ಕ್ರಮ

ಅಂಗಡಿಯಿಂದ ತಂದ ಹೊಸ ಡಬ್ಬಿ. ಮುಚ್ಚಳ ತೆಗೆದರೆ ಒಂದೆರಡು ತೋಟಾಗಳ ಮೈ ನೆಗ್ಗಿದೆ. ಹಾರಿಸಬಹುದಾ, ಬೇಡವಾ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಲೈಸೆನ್ಸ್ ಬಂದೂಕು ಇಟ್ಟುಕೊಂಡವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೆಳೆ ಕಾಯಲು ಲೈಸೆನ್ಸ್ ಮಾಡಿಸಿದ ರೈತರು, ಬ್ಯಾಂಕು ಮತ್ತು ಗಣಿಗಳ ಗಾರ್ಡ್‌ಗಳು, ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋಗಿ ಆಸೆ ಹತ್ತಿದ ಹುಡುಗರು, ಎಲ್ಲರೂ ಕೇಳುತ್ತಾರೆ. ತೋಟಾ ಸುಲಭಕ್ಕೆ ಸಿಗುವ ವಸ್ತುವಲ್ಲ. ಕೊಂಡ ಒಂದೊಂದಕ್ಕೂ ಲೆಕ್ಕ ಇಡಬೇಕು. ಹಾಗಾಗಿ ಒಂದನ್ನು ಪಕ್ಕಕ್ಕಿಡುವುದಕ್ಕೂ ಮನಸ್ಸು ಬರುವುದಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೆಗ್ಗು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ತೋಟಾದ ಹೊರಕವಚ, ಅಂದರೆ ಹಿತ್ತಾಳೆ ಕೇಸಿನ ನಡುಮೈಯಲ್ಲಿ ನುಣುಪಾದ, ಆಳವಿಲ್ಲದ ತಗ್ಗು ಒಂದಿದ್ದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಗುಂಡು ಒಳಗೆ ಸರಿದಿದ್ದರೆ, ತಳದಲ್ಲಿ ಕಿಡಿ ಹಾರಿಸುವ ಬಿಲ್ಲೆಯಾದ ಪ್ರೈಮರಿನ ಮೇಲೆ ಗುರುತಿದ್ದರೆ, ತಳಕ್ಕೆ ಪೆಟ್ಟು ಬಿದ್ದಿದ್ದರೆ, ಎಲ್ಲಾದರೂ ಸೀಳು ಕಂಡರೆ ಬೇಡ. ನೋಡಿದ ಮೇಲೂ ಮನಸ್ಸು ಒಪ್ಪದಿದ್ದರೆ ಆಗಲೂ ಬೇಡ. ತೋಟಾ ತಯಾರಿಸುವವರೇ ಹಾನಿಯಾದದ್ದನ್ನು ಬಳಸಬೇಡಿ ಅನ್ನುತ್ತಾರೆ. ಪಕ್ಕಕ್ಕಿಟ್ಟರೆ ಯಾರೂ ನಿಮ್ಮನ್ನು ಅಂಜುಬುರುಕ ಅನ್ನುವುದಿಲ್ಲ.

ಒಳಗೆ ಏನಾಗುತ್ತದೆ

ಇಷ್ಟು ಗೊತ್ತಿದ್ದರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸು, ತಳದ ನಡುವೆ ಕೂರಿಸಿದ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಪಿನ್ನು ಬಡಿದಾಗ ಪ್ರೈಮರ್ ಕಿಡಿ ಹಾರಿಸುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಆ ಒತ್ತಡಕ್ಕೆ ಗುಂಡು ಮುಂದಕ್ಕೆ ಹೋಗುತ್ತದೆ.

ಒತ್ತಡ ಎಷ್ಟು ಅಂದರೆ, .30-06 ಎಂಬ ಅಳತೆಯ ರೈಫಲ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಗರಿಷ್ಠ ಮಿತಿ 60,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಲೆಕ್ಕ). ನಿಮ್ಮ ಕಾರಿನ ಟೈರಿಗೆ ಹಾಕಿಸುವುದು 30-35. ಅಷ್ಟು ಒತ್ತಡವನ್ನು ತೆಳುವಾದ ಹಿತ್ತಾಳೆ ತಾನೇ ತಡೆಯುವುದಿಲ್ಲ. ತಡೆಯುವುದು ಅದರ ಸುತ್ತ ಇರುವ ಚೇಂಬರಿನ, ಅಂದರೆ ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ ಉಕ್ಕು. ಹಿತ್ತಾಳೆಯ ಕೆಲಸ ಬೇರೆ. ಅದು ಕ್ಷಣದಲ್ಲಿ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಬಾರದಂತೆ ಮುಚ್ಚುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗುತ್ತದೆ, ಖಾಲಿ ಕೇಸು ಸಲೀಸಾಗಿ ಹೊರಗೆ ಬರುತ್ತದೆ. 70 ಭಾಗ ತಾಮ್ರ, 30 ಭಾಗ ಸತು ಇರುವ ಹಿತ್ತಾಳೆಯನ್ನು ಆರಿಸಿಕೊಂಡಿರುವುದೇ ಈ ಗುಣಕ್ಕಾಗಿ.

ನಡುಮೈಯ ತಗ್ಗು ಯಾಕೆ ಅಷ್ಟು ಭಯದ ಮಾತಲ್ಲ ಅನ್ನುವುದು ಈಗ ಗೊತ್ತಾಗುತ್ತದೆ, ಅಲ್ವಾ? ಆ ಒತ್ತಡ ತಗ್ಗನ್ನು ಒಳಗಿನಿಂದ ತಳ್ಳಿ ನೇರ ಮಾಡುತ್ತದೆ. ಹಾರಿದ ಮೇಲೆ ಕೇಸು ತೆಗೆದು ನೋಡಿದರೆ ಬಹಳ ಸಲ ತಗ್ಗು ಎಲ್ಲಿತ್ತು ಅನ್ನುವುದೇ ಕಾಣುವುದಿಲ್ಲ. ತಳದ ಕಥೆ ಬೇರೆ. ತಳದ ತುದಿ ಪೂರ್ತಿ ಚೇಂಬರಿನೊಳಗೆ ಹುದುಗಿರುವುದಿಲ್ಲ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖಕ್ಕೆ ಒರಗಿರುತ್ತದೆ. ಅಲ್ಲಿ ಉಕ್ಕಿನ ಆಸರೆ ಕಮ್ಮಿ. ಹಾಗಾಗಿಯೇ ಅಲ್ಲಿ ಹಿತ್ತಾಳೆಯನ್ನು ದಪ್ಪ ಮಾಡಿರುತ್ತಾರೆ. ಅಲ್ಲಿ ಒಡೆದರೆ ಬಿಸಿ ಅನಿಲ, ಹಿತ್ತಾಳೆ ಚೂರು ಎಲ್ಲ ಬೋಲ್ಟಿನ ಕಡೆಗೆ, ಅಂದರೆ ನಿಮ್ಮ ಕಣ್ಣಿನ ಕಡೆಗೆ ಬರುತ್ತದೆ.

ಕೂರುವ ಮೊದಲು

ಬಂದೂಕನ್ನು ಖಾಲಿ ಮಾಡಿ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ. ತೋಟಾ ನೋಡುವ ಮೇಜಿನ ಮೇಲೆ ಬಂದೂಕು ಇರಬಾರದು. ಮಕ್ಕಳು ಹತ್ತಿರ ಸುಳಿಯಬಾರದು. ಬೀಡಿ, ಸಿಗರೇಟು, ಊದುಬತ್ತಿ ಯಾವುದೂ ಬೇಡ. ಬೆಳಗಿನ ಹೊತ್ತು ಕಿಟಕಿ ಪಕ್ಕ ಕೂತರೆ ಒಳ್ಳೆಯದು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಸಣ್ಣ ಸೀಳು ಕಣ್ಣಿಗೆ ಬೀಳುವುದಿಲ್ಲ.

ಒಂದು ಒಣ ಹತ್ತಿಬಟ್ಟೆ, ಒಂದು ಬಿಳಿ ಹಾಳೆ, ಗಾಜಿನ ತುಂಡು ಅಥವಾ ಹಳೆಯ ಫೋಟೋ ಫ್ರೇಮಿನ ಗಾಜು, ಸ್ಟೀಲ್ ಸ್ಕೇಲು, ಮತ್ತು ಅದೇ ಡಬ್ಬಿಯ ಒಂದು ಚೆನ್ನಾಗಿರುವ ತೋಟಾ. ಈ ಕೊನೆಯದು ಬೇಕೇ ಬೇಕು. ಹೋಲಿಸಲು ಒಳ್ಳೆಯದೊಂದು ಪಕ್ಕದಲ್ಲಿ ಇಲ್ಲದಿದ್ದರೆ ಎಂಥ ಕಣ್ಣಾದರೂ ಮೋಸ ಹೋಗುತ್ತದೆ. ಮೇಜಿನ ಮೇಲೆ ಒಂದೇ ಅಳತೆಯ ತೋಟಾ ಇರಲಿ. .315 ರೈಫಲ್ ತೋಟಾ ಜೊತೆಗೆ ಬೇರೆ ಬೋರಿನದ್ದು (ಬೇರೆ ನಳಿಕೆ ಅಳತೆಯದ್ದು) ಬೆರೆಸಬೇಡಿ.

ನಮ್ಮ ಕಡೆಯ ಧೂಳಿನ ಬಗ್ಗೆಯೂ ಒಂದು ಮಾತು. ಸಂಡೂರು, ತೋರಣಗಲ್ಲು ಸುತ್ತಲಿನ ಕೆಂಪು ಅದಿರಿನ ಧೂಳಾಗಲಿ, ಸಿಂಧನೂರು ಕಡೆಯ ಎರೆ ಮಣ್ಣಾಗಲಿ ತೋಟಾದ ಮೈಗೆ ಹತ್ತಿಕೊಂಡರೆ ಗೀರು ಯಾವುದು, ಸೀಳು ಯಾವುದು ತಿಳಿಯುವುದಿಲ್ಲ. ಮೊದಲು ಒಣ ಬಟ್ಟೆಯಿಂದ ಒರೆಸಿ. ನೀರು ಬೇಡ, ಎಣ್ಣೆ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ. ಅದು ಸಂದಿಯಲ್ಲಿ ಇಳಿದು ಪ್ರೈಮರನ್ನೇ ಕೆಡಿಸಬಹುದು.

ಮೊದಲು ತಳ ನೋಡಿ

ಬಹಳ ಜನ ನೆಗ್ಗಿದ ಜಾಗವನ್ನೇ ನೋಡುತ್ತಾ ಕೂರುತ್ತಾರೆ. ನೀವು ತೋಟಾವನ್ನು ತಿರುಗಿಸಿ ತಳದಿಂದ ಶುರು ಮಾಡಿ.

ಪ್ರೈಮರ್ ತಳದ ಮಟ್ಟಕ್ಕೆ ಸಮವಾಗಿ ಅಥವಾ ಕೂದಲೆಳೆಯಷ್ಟು ಒಳಗೆ ಇರಬೇಕು. ಬೆರಳ ತುದಿಯನ್ನು ಹಗುರವಾಗಿ ಸವರಿ. ಉಬ್ಬು ಸಿಕ್ಕರೆ ಅದು ಮೇಲೆದ್ದ ಪ್ರೈಮರ್. ಬೋಲ್ಟ್ ಮುಚ್ಚುವ ರಭಸಕ್ಕೇ ಅದು ಸಿಡಿಯಬಹುದು. ಓರೆಯಾಗಿ ಕೂತಿದ್ದರೂ ಬೇಡ. ಪ್ರೈಮರಿನ ನಡುವೆ ಚುಕ್ಕೆಯಂಥ ತಗ್ಗಿದ್ದರೆ ಅದಕ್ಕೆ ಯಾವಾಗಲೋ ಪಿನ್ನು ಬಡಿದಿದೆ, ತೋಟಾ ಹಾರಿಲ್ಲ, ಯಾರೋ ಮರಳಿ ಡಬ್ಬಿಗೆ ಹಾಕಿದ್ದಾರೆ ಎಂದು ತಿಳಿಯಿರಿ. ಬೋಲ್ಟ್ ರೈಫಲ್ಲಿನಲ್ಲಿ ಬರೀ ತುಂಬಿ ತೆಗೆದರೆ ಆ ಗುರುತು ಬೀಳಬಾರದು. ಬೀಳುತ್ತಿದ್ದರೆ ತೋಟಾ ಜೊತೆ ಬಂದೂಕನ್ನೂ ರಿಪೇರಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ತೋರಿಸಿ.

ಪ್ರೈಮರ್ ಸುತ್ತ ಬಣ್ಣದ ಉಂಗುರದಂತೆ ಮೆರುಗೆಣ್ಣೆ ಕಾಣುವುದುಂಟು. ತೇವ ಒಳಗೆ ಹೋಗದಿರಲಿ ಎಂದು ಕಾರ್ಖಾನೆಯಲ್ಲೇ ಹಚ್ಚಿರುತ್ತಾರೆ. ಅದು ದೋಷವಲ್ಲ. ತಳದಲ್ಲಿ ಅಕ್ಷರ ಒತ್ತಿರುತ್ತದೆ. ಕೆಎಫ್ ಎಂದಿದ್ದರೆ ಪುಣೆಯ ಖಡ್ಕಿ ಕಾರ್ಖಾನೆಯದ್ದು. ನಮ್ಮ ಸರಕಾರಿ ಆರ್ಡನೆನ್ಸ್ ಕಾರ್ಖಾನೆಗಳು 2021ರ ಅಕ್ಟೋಬರಿನಲ್ಲಿ ಏಳು ಕಂಪನಿಗಳಾದವು. ಮದ್ದುಗುಂಡಿನ ಪಾಲು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಬಂದಿದೆ. ದೂರು ಕೊಡುವುದಿದ್ದರೆ ತಳದ ಈ ಗುರುತೂ ಡಬ್ಬಿಯ ಮೇಲಿನ ಲಾಟ್ ನಂಬರೂ ಬೇಕಾಗುತ್ತವೆ, ಬರೆದಿಟ್ಟುಕೊಳ್ಳಿ.

ಇನ್ನು ಅಂಚು. .315 ತೋಟಾಕ್ಕೆ ತಳದಲ್ಲಿ ಹೊರಚಾಚಿದ ಅಂಚಿದೆ. ಚೇಂಬರಿನೊಳಗೆ ತೋಟಾ ಎಷ್ಟು ಆಳಕ್ಕೆ ಕೂರಬೇಕು ಎಂದು ನಿರ್ಧರಿಸುವುದು ಆ ಅಂಚೇ. ಅದು ಬಾಗಿದ್ದರೆ, ಜಜ್ಜಿದ್ದರೆ, ಚೂರು ಕಿತ್ತಿದ್ದರೆ ಪಕ್ಕಕ್ಕಿಡಿ. ತಳದಿಂದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಜಾಗದಲ್ಲಿ ತಗ್ಗಿದ್ದರೂ ಅಷ್ಟೇ. ಅಲ್ಲಿ ಹಿತ್ತಾಳೆ ದಪ್ಪ. ಸುಮ್ನೆ ಕೆಳಗೆ ಬಿದ್ದರೆ ನೆಗ್ಗುವ ಜಾಗವೇ ಅಲ್ಲ. ಅಲ್ಲಿ ನೆಗ್ಗಿದೆ ಎಂದರೆ ಬಲವಾದ ಪೆಟ್ಟೇ ಬಿದ್ದಿದೆ, ಒಳಗೆ ಇನ್ನೇನಾಗಿದೆಯೋ ಹೇಳಲು ಬರುವುದಿಲ್ಲ.

ಆಮೇಲೆ ಗುಂಡು

ಅಪಾಯದ ಲೆಕ್ಕದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ. ಗುಂಡು ಕೇಸಿನೊಳಗೆ ಹಿಂದಕ್ಕೆ ಸರಿದರೆ ಮದ್ದಿಗೆ ಇರುವ ಜಾಗ ಕಮ್ಮಿಯಾಗುತ್ತದೆ. ಅದೇ ಮದ್ದು ಚಿಕ್ಕ ಜಾಗದಲ್ಲಿ ಉರಿದರೆ ಒತ್ತಡ ಏರುತ್ತದೆ. ಎಷ್ಟು ಏರುತ್ತದೆ ಎಂದು ಮನೆಯಲ್ಲಿ ಕೂತು ಅಳೆಯುವ ದಾರಿ ಇಲ್ಲ. ಹಾಗಾಗಿ ಸರಿದ ಗುಂಡಿನ ತೋಟಾ ಹಾರಿಸುವಂತೇ ಇಲ್ಲ.

ನೋಡುವ ಬಗೆ ಸುಲಭ. ಗಾಜಿನ ಮೇಲೆ ಒಳ್ಳೆಯ ತೋಟಾವನ್ನೂ ಸಂಶಯದ್ದನ್ನೂ ಪಕ್ಕಪಕ್ಕ ಮಲಗಿಸಿ. ಎರಡರ ತಳವನ್ನೂ ಸ್ಕೇಲಿನ ಅಂಚಿಗೆ ಒತ್ತಿ ಸಮ ಮಾಡಿ. ಈಗ ತುದಿಗಳನ್ನು ನೋಡಿ. ಒಂದು ಗಿಡ್ಡ ಕಂಡರೆ ಗುಂಡು ಒಳಗೆ ಸರಿದಿದೆ. ಕೆಲವು ಗುಂಡುಗಳ ಸುತ್ತ ಸಣ್ಣ ಗೆರೆಗೆರೆಯ ಪಟ್ಟಿ ಇರುತ್ತದೆ, ಕೇಸಿನ ಬಾಯಿ ಅದನ್ನು ಕಚ್ಚಿಕೊಂಡಿರುತ್ತದೆ. ಒಳ್ಳೆಯದರಲ್ಲಿ ಆ ಪಟ್ಟಿಯ ಅಂಚು ಕಂಡು, ಇದರಲ್ಲಿ ಮುಳುಗಿಹೋಗಿದ್ದರೆ ಅದೂ ಸರಿದ ಲಕ್ಷಣ. ಉದ್ದ ಕಂಡರೆ ಗುಂಡು ಮುಂದಕ್ಕೆ ಬಂದಿದೆ. ಅದು ನಳಿಕೆಯೊಳಗೆ ಕೊರೆದಿರುವ ಸುರುಳಿ ಗೀರುಗಳಿಗೆ ಸಿಕ್ಕಿಕೊಳ್ಳಬಹುದು. ಹಾರಿಸದೆ ತೆಗೆಯಲು ಹೋದರೆ ಗುಂಡು ನಳಿಕೆಯಲ್ಲೇ ಉಳಿದು ಮದ್ದು ಬೋಲ್ಟಿನ ತುಂಬ ಚೆಲ್ಲುತ್ತದೆ.

ಇನ್ನು ಎರಡು ಬೆರಳಲ್ಲಿ ಗುಂಡು ಹಿಡಿದು ಹಗುರವಾಗಿ ತಿರುಗಿಸಿ ನೋಡಿ. ತಿರುಗಿದರೆ, ಅಲ್ಲಾಡಿದರೆ ಮುಗಿಯಿತು, ಬೇಡ. ಇಕ್ಕಳ ಹಾಕಬೇಡಿ. ಮೇಜಿಗೆ ಒತ್ತಿ ಪರೀಕ್ಷಿಸಬೇಡಿ. ಹಾಗೆ ಮಾಡಿದರೆ ಚೆನ್ನಾಗಿದ್ದದ್ದನ್ನೂ ನೀವೇ ಕೆಡಿಸುತ್ತೀರಿ.

ಗಾರ್ಡ್ ಕೆಲಸದವರಿಗೆ ಈ ಭಾಗ ಬಹಳ ಮುಖ್ಯ. ಬಳ್ಳಾರಿಯಲ್ಲಿ ಬ್ಯಾಂಕಿನ ಹಣದ ಗಾಡಿ ಜೊತೆ ಹೋಗುವ ಒಬ್ಬರು ಅಂಗೈಯಲ್ಲಿ ತೋಟಾ ಇಟ್ಟು ತೋರಿಸಿದ್ದರು. ‘ಸರ್, ಮೈಗೆ ಏನೂ ಆಗಿಲ್ಲ ನೋಡ್ರಿ, ಆದ್ರೂ ಇದು ಯಾಕೋ ಗಿಡ್ಡ ಕಾಣಾಕ್ಹತ್ಯದ’ ಎಂದರು. ‘ದಿನಾ ತುಂಬಿ ತೆಗೀತೀರೇನ್ರಿ?’ ಎಂದು ಕೇಳಿದೆ. ‘ಹೌದ್ರಿ, ಮುಂಜಾನೆ ತುಂಬೋದು, ಸಂಜಿಗೆ ತೆಗೆಯೋದು. ಯಾವಾಗ್ಲೂ ಇದಾ ಮ್ಯಾಲಿಂದು’ ಎಂದರು. ಪಕ್ಕದಲ್ಲಿ ಹೊಸದೊಂದು ಮಲಗಿಸಿ ನೋಡಿದರೆ, ದಿನಾ ತುಂಬುವಾಗ ತುದಿಗೆ ಪೆಟ್ಟು ತಿಂದು ತಿಂದು ಗುಂಡು ಎರಡು ಮಿಲಿಮೀಟರಿನಷ್ಟು ಒಳಗೆ ಹೋಗಿತ್ತು. ತುದಿ ಸವೆದು ಚಪ್ಪಟೆಯಾಗಿತ್ತು, ಕೇಸು ಸಣ್ಣಗಾಗುವ ಇಳಿಜಾರಿನ, ಅಂದರೆ ಹೆಗಲ ಮೇಲೆ ಒಂದೇ ಜಾಗದಲ್ಲಿ ಗೀರಿನ ಮೇಲೆ ಗೀರು. ಮೈಯಲ್ಲಿ ಒಂದು ನೆಗ್ಗೂ ಇಲ್ಲ, ಆದರೂ ಆ ಡಬ್ಬಿಯಲ್ಲಿ ಇದಕ್ಕಿಂತ ಅಪಾಯದ ತೋಟಾ ಇನ್ನೊಂದಿರಲಿಲ್ಲ. ದಿನಾ ತುಂಬಿ ತೆಗೆಯುವವರು ತೋಟಾಗಳ ಜಾಗ ಬದಲಿಸುತ್ತಿರಿ. ವಾರಕ್ಕೊಮ್ಮೆ ಉದ್ದ ಹೋಲಿಸಿ ನೋಡಿ. ಗಿಡ್ಡ ಕಂಡದ್ದನ್ನು ಕಂಪನಿಯವರಿಗೆ ಬರಹದಲ್ಲಿ ಒಪ್ಪಿಸಿ.

ಕತ್ತು ಮತ್ತು ಹೆಗಲು

ಗುಂಡು ಹಿಡಿದಿರುವ ಸಣ್ಣ ಭಾಗ ಕತ್ತು, ಅದರ ಕೆಳಗೆ ಅಗಲವಾಗುವ ಇಳಿಜಾರು ಹೆಗಲು. ಇಲ್ಲಿ ಹಿತ್ತಾಳೆ ತೆಳು, ಜೊತೆಗೆ ಮೆದು. ಕಾರ್ಖಾನೆಯಲ್ಲಿ ಈ ಭಾಗವನ್ನು ಬಿಸಿ ಮಾಡಿ ಹದ ಮಾಡಿರುತ್ತಾರೆ. ಹಾಗಾಗಿ ಕೆಲವು ತೋಟಾಗಳ ಕತ್ತಿನಲ್ಲಿ ಕಂದು-ನೀಲಿ ಛಾಯೆ ಉಳಿದಿರುತ್ತದೆ. ಹೊಸಬರು ಅದನ್ನು ಸುಟ್ಟ ಕಲೆ ಅಂದುಕೊಂಡು ಒಳ್ಳೆಯ ತೋಟಾ ಪಕ್ಕಕ್ಕಿಡುತ್ತಾರೆ. ಬೇಕಿಲ್ಲ.

ಕತ್ತಿನಲ್ಲಿ ಉದ್ದುದ್ದ ಕೂದಲಿನಂಥ ಸೀಳು ಹುಡುಕಿ. ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಸೀಳಿದ್ದರೆ ಕಪ್ಪು ಗೆರೆಯಾಗಿ ಕಾಣುತ್ತದೆ, ಉಗುರು ಅಡ್ಡ ಎಳೆದರೆ ತಟ್ಟನೆ ನಿಲ್ಲುತ್ತದೆ. ಸೀಳಿದ ಕತ್ತು ಬೇಡ. ಕತ್ತು ಚಪ್ಪಟೆಯಾಗಿ ಗುಂಡಿನ ಒಂದು ಬದಿ ಸಂದಿ ಬಿಟ್ಟಿದ್ದರೂ ಬೇಡ.

ಹೆಗಲಿನ ಮೇಲಿನ ಸಣ್ಣ ನುಣುಪು ತಗ್ಗು ಹೆಚ್ಚಾಗಿ ಹಾರಿದಾಗ ನೇರವಾಗುತ್ತದೆ. ಆದರೆ .30-06 ತರಹದ ಹೊರ ಅಂಚಿಲ್ಲದ ತೋಟಾ ಚೇಂಬರಿನಲ್ಲಿ ನಿಲ್ಲುವುದೇ ಹೆಗಲಿನ ಆಸರೆಯಲ್ಲಿ. ಹೆಗಲು ಪೂರ್ತಿ ಕುಸಿದಿದ್ದರೆ ತೋಟಾ ಬೇಕಾದ್ದಕ್ಕಿಂತ ಮುಂದಕ್ಕೆ ಹೋಗಿ ಕೂರುತ್ತದೆ, ಹಿಂದೆ ಸಂದಿ ಉಳಿಯುತ್ತದೆ. ಹಾರಿದಾಗ ಕೇಸು ಆ ಸಂದಿಗೆ ಹಿಂದಕ್ಕೆ ಎಳೆದುಕೊಂಡು ತಳದ ಮೇಲೆ ಹರಿಯಬಹುದು. ಹಾಗಾಗಿ .315ಕ್ಕಿಂತ ಇದರಲ್ಲಿ ಹೆಗಲಿನ ವಿಷಯಕ್ಕೆ ಇನ್ನೂ ಬಿಗಿಯಾಗಿರಿ.

ಈಗ ಆ ನೆಗ್ಗು

ಕೊನೆಗೆ ನಡುಮೈ. ಉಗುರನ್ನು ನೆಗ್ಗಿನ ಮೇಲೆ ಎರಡು ದಿಕ್ಕಿಗೂ ಎಳೆಯಿರಿ. ಉಗುರು ಜಾರಿಕೊಂಡು ಇಳಿದು ಜಾರಿಕೊಂಡು ಹತ್ತಿದರೆ ಅದು ನುಣುಪು ತಗ್ಗು. ತಗ್ಗಿನ ನಡುವೆ ಗೆರೆಯಂಥ ಮಡಿಕೆ ಇದ್ದು ಉಗುರು ಸಿಕ್ಕಿಕೊಂಡರೆ ಬೇಡ. ಮಡಿಕೆ ಬಿದ್ದ ಕಡೆ ಹಿತ್ತಾಳೆ ಆಗಲೇ ದಣಿದಿರುತ್ತದೆ, ಹಿಗ್ಗುವ ಬದಲು ಸೀಳಬಹುದು. ಚೂಪಾದ ವಸ್ತು ತಾಗಿ ಚುಚ್ಚಿದಂತಾಗಿದ್ದರೂ ಬೇಡ.

ಆಮೇಲೆ ತೋಟಾವನ್ನು ಗಾಜಿನ ಮೇಲೆ ಉರುಳಿಸಿ. ಹಿಂದೆ ದಪ್ಪ, ಮುಂದೆ ಸಣ್ಣ ಇರುವುದರಿಂದ ಅದು ನೇರ ಹೋಗದೆ ಬಿಲ್ಲಿನಂತೆ ಸುತ್ತಿ ಉರುಳುತ್ತದೆ. ಅದು ಸರಿ. ನಿಮ್ಮ ಕಣ್ಣು ಗುಂಡಿನ ತುದಿಯ ಮೇಲಿರಲಿ. ತುದಿ ಮೇಲೆ ಕೆಳಗೆ ಕುಣಿದರೆ ಗುಂಡು ಓರೆಯಾಗಿದೆ ಅಥವಾ ಕೇಸು ಬಾಗಿದೆ. ಪಕ್ಕಕ್ಕಿಡಿ.

ಇಷ್ಟೆಲ್ಲ ದಾಟಿ ಬಂದದ್ದು, ಒಂದೇ ಒಂದು ನುಣುಪು ತಗ್ಗು ಇರುವ ಹಿತ್ತಾಳೆ ತೋಟಾ ಆಗಿದ್ದರೆ, ರೇಂಜಿನಲ್ಲಿ ಅಭ್ಯಾಸಕ್ಕೆ ಹಾರಿಸಬಹುದು ಎನ್ನುವುದು ನನ್ನ ಅಭಿಪ್ರಾಯ. ಗುರಿ ಹೊಂದಿಸಲು, ಸ್ಪರ್ಧೆಗೆ ಬೇಡ. ಒಳಗಿನ ಜಾಗ ಚೂರು ಬದಲಾಗಿರುತ್ತದೆ, ಗುಂಡು ಬೀಳುವ ಜಾಗವೂ ಚೂರು ಬದಲಾಗಬಹುದು. ಉಕ್ಕಿನ ಕೇಸಾದರೆ ಇಷ್ಟು ಉದಾರ ಆಗಬೇಡಿ. ಉಕ್ಕು ಹಿತ್ತಾಳೆಯಷ್ಟು ಹಿಗ್ಗಿ ಕುಗ್ಗುವುದಿಲ್ಲ. ನೆಗ್ಗಿದ ಜಾಗದಲ್ಲಿ ಮೇಲಿನ ಲೇಪ ಹೋಗಿ ತುಕ್ಕೂ ಹಿಡಿಯುತ್ತದೆ.

ರೇಂಜಿನಲ್ಲಿ

ಚೇಂಬರಿಗೆ ಹಾಕಿ ನೋಡುವುದನ್ನು ಮನೆಯಲ್ಲಿ ಎಂದಿಗೂ ಮಾಡಬೇಡಿ. ರೇಂಜಿನಲ್ಲಿ, ನಳಿಕೆ ಗುರಿಯ ಕಡೆ ಇದ್ದಾಗ ಮಾತ್ರ. ಕನ್ನಡಕ ಇರಲಿ, ಕಿವಿಗೆ ಮುಚ್ಚಳ ಇರಲಿ. ಮ್ಯಾಗಝಿನ್‌ನಿಂದ ಬೇಡ, ಆ ಒಂದೇ ತೋಟಾ ಇಡಿ. ಬೋಲ್ಟ್ ಎಂದಿನ ಕೈಬಲಕ್ಕೆ ಮುಚ್ಚಬೇಕು. ಬಿಗಿ ಎನಿಸಿದರೆ ಅಂಗೈಯಿಂದ ಗುದ್ದಬೇಡಿ, ತೆಗೆದು ಪಕ್ಕಕ್ಕಿಡಿ.

ಟ್ರಿಗರ್ ಒತ್ತಿದಾಗ ‘ಟಕ್’ ಎಂದು ಸುಮ್ಮನಾದರೆ ನಳಿಕೆ ಹಾಗೇ ಗುರಿಯ ಕಡೆ ಹಿಡಿದಿರಿ. ಮದ್ದು ತಡವಾಗಿ ಹೊತ್ತುವುದುಂಟು. ಕನಿಷ್ಠ 30 ಸೆಕೆಂಡು ಕಾಯಿರಿ ಎನ್ನುತ್ತಾರೆ, ನಾನು ಪೂರ್ತಿ ಒಂದು ನಿಮಿಷ ಕಾಯಿಸುತ್ತೇನೆ. ಆಮೇಲೆ ಮುಖವನ್ನು ಬೋಲ್ಟಿನ ಹಿಂದಿನಿಂದ ಸರಿಸಿ ತೆಗೆಯಿರಿ. ಸದ್ದು ಎಂದಿಗಿಂತ ಸಣ್ಣದಾಗಿ ‘ಪುಸ್’ ಎಂದರೆ ಇನ್ನೊಂದು ತೋಟಾ ಹಾಕಲೇಬೇಡಿ. ಗುಂಡು ನಳಿಕೆಯಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆಯೇ ಒಡೆಯಬಹುದು. ಬೋಲ್ಟ್ ಹೊರತೆಗೆದು ನಳಿಕೆಯಲ್ಲಿ ಬೆಳಕು ಹಾಯುತ್ತದೆಯಾ ನೋಡಿ, ಆಮೇಲೆಯೇ ಮುಂದಿನ ಮಾತು.

ಸರಿಯಾಗಿ ಹಾರಿದರೆ ಖಾಲಿ ಕೇಸನ್ನು ಎತ್ತಿ ನೋಡಿ. ತಗ್ಗು ಹೋಗಿದ್ದರೆ ಸರಿ. ತಳದ ಮೇಲ್ಭಾಗದಲ್ಲಿ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಕಂಡರೆ, ಅಥವಾ ಅಲ್ಲಿ ಅಡ್ಡ ಸೀಳಿದ್ದರೆ ಅವತ್ತಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ. ಅದು ಬಂದೂಕಿನ ಚೇಂಬರ್ ಅಳತೆ ತಪ್ಪಿರುವ ಸೂಚನೆ ಇರಬಹುದು.

.22 ಮತ್ತು 12 ಬೋರ್

ಮೇಲೆ ಹೇಳಿದ ಸಡಿಲಿಕೆ .22ಕ್ಕೆ ಇಲ್ಲ. ಅದರಲ್ಲಿ ಪ್ರೈಮರ್ ಅಂತ ಬೇರೆ ಬಿಲ್ಲೆಯೇ ಇರುವುದಿಲ್ಲ. ಸಿಡಿಯುವ ಮಿಶ್ರಣ ತಳದ ಅಂಚಿನೊಳಗೇ ಸುತ್ತಲೂ ಇರುತ್ತದೆ. ಅಂಚಿಗೆ ಪೆಟ್ಟು ಬಿದ್ದಿದ್ದರೆ ಸಿಡಿಮದ್ದಿಗೇ ಪೆಟ್ಟು ಬಿದ್ದಂತೆ. ಕೇಸೂ ಬಹಳ ತೆಳು, ಗುಂಡು ಬೇಗ ಓರೆಯಾಗುತ್ತದೆ. ನೆಗ್ಗಿದ .22 ಯಾವುದನ್ನೂ ಹಾರಿಸಬೇಡಿ.

ನಮ್ಮ ಹಳ್ಳಿಗಳಲ್ಲಿ ರೈಫಲ್ಲಿಗಿಂತ ಚರೆ ಹಾರಿಸುವ 12 ಬೋರ್ ಬಂದೂಕು ಜಾಸ್ತಿ. ಅದರ ತೋಟಾದ ಪ್ಲಾಸ್ಟಿಕ್ ಅಥವಾ ಕಾಗದದ ಕೊಳವೆ ಬೆಲ್ಟಿನಲ್ಲಿ ಒತ್ತಿ ಅಂಡಾಕಾರ ಆಗುತ್ತದೆ, ಕಾಗದದ್ದು ಮಳೆಗಾಲದಲ್ಲಿ ಊದಿಕೊಳ್ಳುತ್ತದೆ. ಚೇಂಬರಿಗೆ ತನ್ನ ಭಾರಕ್ಕೆ ತಾನೇ ಜಾರಿ ಇಳಿಯದಿದ್ದರೆ ಹೆಬ್ಬೆರಳಿಂದ ತುರುಕಬೇಡಿ. ಬಾಯಿಯ ಮಡಿಕೆ ಬಿಚ್ಚಿಕೊಂಡು ಚರೆ ಸುರಿಯುತ್ತಿದ್ದರೆ, ಹಿತ್ತಾಳೆ ತಳ ನೆಗ್ಗಿದ್ದರೆ ಅದೂ ಬೇಡ.

ನೆಗ್ಗಿದ್ದು ಯಾಕೆ?

ಒಂದೇ ತೋಟಾ ನೆಗ್ಗಿದ್ದರೆ ಬಿದ್ದಿರಬಹುದು. ಹೊಸ ಡಬ್ಬಿಯಲ್ಲೇ ಹಲವು ನೆಗ್ಗಿದ್ದರೆ ಸಾಗಣೆಯಲ್ಲಿ ಅಥವಾ ಯಂತ್ರದಲ್ಲಿ ಆದದ್ದು. ಬಿಲ್ಲಿನ ಜೊತೆ ಅಂಗಡಿಗೆ ಒಯ್ಯಿರಿ. ನಿಮ್ಮ ಮ್ಯಾಗಝಿನ್‌ನಿಂದ ಬಂದ ಪ್ರತಿ ತೋಟಾದಲ್ಲೂ ಒಂದೇ ಜಾಗದಲ್ಲಿ ಗುರುತು ಬೀಳುತ್ತಿದ್ದರೆ ದೋಷ ಬಂದೂಕಿನದ್ದು. ಮ್ಯಾಗಝಿನ್ ತುಟಿ ಬಾಗಿದೆಯೋ, ತೋಟಾ ಏರುವ ದಾರಿಯಲ್ಲಿ ಮುಳ್ಳೆದ್ದಿದೆಯೋ ನೋಡಿಸಿ. ತೋಟಾ ಬದಲಿಸಿದರೆ ಅದು ಹೋಗುವುದಿಲ್ಲ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಜಮಾ ಮಾಡಲು ಹೋಗುತ್ತೇವಲ್ಲ, ಆಗ ತೋಟಾಗಳನ್ನು ಕೈಚೀಲದಲ್ಲಿ ಸಡಿಲವಾಗಿ ಸುರಿದುಕೊಂಡು ಬೈಕಿನಲ್ಲಿ ಹೋಗುವವರೇ ಜಾಸ್ತಿ. ನೆಗ್ಗುವುದು ಆಗಲೇ. ಮೂಲ ಡಬ್ಬಿಯನ್ನು ಎಸೆಯಬೇಡಿ. ಒಂದೊಂದು ತೋಟಾಕ್ಕೂ ಗೂಡಿರುವ ಡಬ್ಬಿಯಲ್ಲೇ ಒಯ್ಯಿರಿ, ಅದರಲ್ಲೇ ಇಡಿ.

ಚರ್ಮದ ಬೆಲ್ಟಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಹದ ಮಾಡಿದ ಆಮ್ಲಕ್ಕೆ ಹಿತ್ತಾಳೆ ಹಸಿರು ಹಿಡಿಯುತ್ತದೆ. ಒರೆಸಿದರೆ ಹೋಗಿ ಕೆಳಗೆ ನುಣುಪಿದ್ದರೆ ಚಿಂತೆಯಿಲ್ಲ. ಕೆಳಗೆ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಲೋಹ ತಿಂದುಹೋಗಿದೆ, ಬೇಡ. ಹುಣಸೆಹಣ್ಣು ಹಚ್ಚಿ ಚೊಂಬು ಬೆಳಗಿದಂತೆ ತೋಟಾ ಬೆಳಗಬೇಡಿ. ಅಮೋನಿಯಾ ಇರುವ ಪಾಲಿಷ್ ಮುಟ್ಟಿಸಲೇಬೇಡಿ.

ಅಮೋನಿಯಾದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಇದೇ ದೇಶದಲ್ಲಿ ಕಂಡುಬಂದ ಸಂಗತಿ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಯಾರೂ ಮುಟ್ಟದಿದ್ದರೂ ಕೇಸುಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ತೇವ, ಮತ್ತು ಹಿತ್ತಾಳೆಯೊಳಗೆ ಉಳಿದ ಬಿಗಿತ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ವಿವರಿಸಿದರು. ನೆಗ್ಗಿದ ಜಾಗದಲ್ಲಿ ಅಂಥ ಬಿಗಿತ ಉಳಿದೇ ಇರುತ್ತದೆ. ಈಗ ನಮ್ಮ ಗಂಗಾವತಿ, ಸಿಂಧನೂರು, ಕಂಪ್ಲಿ ಕಡೆಯ ತೋಟದ ಮನೆ ನೆನೆಸಿಕೊಳ್ಳಿ. ಒಂದು ಬದಿ ದನದ ಕೊಟ್ಟಿಗೆ, ಇನ್ನೊಂದು ಬದಿ ಯೂರಿಯಾ ಚೀಲ, ನಡುವೆ ಗೂಟಕ್ಕೆ ತೋಟಾ ಬೆಲ್ಟು. ದಯವಿಟ್ಟು ಅಲ್ಲಿಂದ ತೆಗೆಯಿರಿ. ಮನೆಯ ಒಳಕೋಣೆಯಲ್ಲಿ, ಒಣಗಿದ, ತಂಪಾದ ಕಡೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ. ಬೇಸಿಗೆಯಲ್ಲಿ ಜೀಪಿನ ಡ್ಯಾಶ್‌ಬೋರ್ಡಿನಲ್ಲೂ ಬೇಡ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಗಾಡಿಯೊಳಗೆ ಇನ್ನೂ ಹೆಚ್ಚು. ಬಿಸಿಯಾದ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ.

ಪಕ್ಕಕ್ಕಿಟ್ಟದ್ದನ್ನು ಏನು ಮಾಡುವುದು?

ಬೇಡವೆಂದು ತೀರ್ಮಾನಿಸಿದ ತೋಟಾವನ್ನು ಬೇರೆ ಡಬ್ಬಿಗೆ ಹಾಕಿ ಮೇಲೆ ‘ಹಾರಿಸಬಾರದು’ ಎಂದು ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಮನೆಯ ಇನ್ನೊಬ್ಬ ಲೈಸೆನ್ಸುದಾರ ತುಂಬಿಕೊಂಡು ಹೋದಾನು.

ಗುಂಡು ಕಿತ್ತು ಮದ್ದು ತೆಗೆಯಲು ಹೋಗಬೇಡಿ. ಅಪಾಯ ಒಂದು ಕಡೆ, ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಹಾಗಾಗಿ ಆ ಮದ್ದಿನಿಂದ ನಿಮಗೆ ಉಪಯೋಗವೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ಎಸೆಯಬೇಡಿ, ನೀರು ಇಳಿದಾಗ ಮಕ್ಕಳ ಕೈಗೆ ಸಿಗುತ್ತದೆ. ಭತ್ತದ ಹುಲ್ಲು ಸುಡುವ ಬೆಂಕಿಗೂ ಹಾಕಬೇಡಿ. ಬಂದೂಕಿಲ್ಲದೆ ಸಿಡಿದರೆ ಗುಂಡು ದೂರ ಹೋಗದಿದ್ದರೂ ಹರಿದ ಹಿತ್ತಾಳೆ ಚೂರು ಕಣ್ಣು ತೆಗೆಯುತ್ತದೆ. ಸಂಬಂಧಿಕರಿಗೋ ಗೆಳೆಯರಿಗೋ ‘ನೀನೇ ನೋಡು’ ಎಂದು ಕೊಡುವುದೂ ಬೇಡ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಒಂದು ತೋಟಾ ಸಿಕ್ಕರೂ ಪೊಲೀಸ್ ಕೇಸು ಬೀಳುತ್ತದೆ, ಕೊಟ್ಟವರ ಮೇಲೂ ಬೀಳುತ್ತದೆ.

ಜಾತ್ರೆ, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಮುಗಿಸಿಬಿಡೋಣ ಎನ್ನುವವರು ಇನ್ನೂ ಇದ್ದಾರೆ. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಲಕ್ಕೆ ಬಂದ ಹಂದಿಯ ಮೇಲೆ ಹಾರಿಸುವ ಯೋಚನೆಯೂ ಬೇಡ. ಬಂದೂಕಿನ ಲೈಸೆನ್ಸ್ ಬೇಟೆಯ ಅನುಮತಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ, ಅನುಮತಿ ಕೊಡುವವರೂ ಬೇರೆ.

ದಾರಿ ಎರಡೇ. ತೋಟಾ ಕೊಂಡ ಲೈಸೆನ್ಸ್ ಅಂಗಡಿ, ಇಲ್ಲವೇ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆ. ಹೋಗುವ ಮೊದಲು ಫೋನ್ ಮಾಡಿ ಹೇಳಿ. ಲೈಸೆನ್ಸ್ ಪುಸ್ತಕ, ಬಿಲ್ಲು, ಡಬ್ಬಿ ಜೊತೆಗಿರಲಿ. ಎಷ್ಟು ಒಪ್ಪಿಸಿದಿರಿ, ಯಾವ ಬೋರಿನದು, ಲಾಟ್ ನಂಬರ್ ಏನು ಎಂದು ಬರೆಸಿ, ಸಹಿ ಮತ್ತು ಸೀಲು ಹಾಕಿಸಿಕೊಂಡ ರಸೀದಿ ಪಡೆಯಿರಿ. ಮುಂದಿನ ಸಲ ತೋಟಾ ಕೊಳ್ಳುವಾಗಲೋ ಲೈಸೆನ್ಸ್ ನವೀಕರಣಕ್ಕೆ ಹೋದಾಗಲೋ ಲೆಕ್ಕ ಕೇಳಿದರೆ ತೋರಿಸಲು ಆ ರಸೀದಿಯೇ ಬೇಕು. ಅದರ ಒಂದು ಜೆರಾಕ್ಸ್ ಮಾಡಿಸಿ ಲೈಸೆನ್ಸ್ ಪುಸ್ತಕದ ಹಿಂದಿನ ರಟ್ಟಿಗೆ ಪಿನ್ನು ಹಾಕಿಡಿ.